ಗೇರ್ ಬಾಕ್ಸಿಗೆ 75ಡಬ್ಲ್ಯೂ-80 ಜಿಎಲ್-4 ಸಿಗ್ತಾ ಇಲ್ಲ, 80ಡಬ್ಲ್ಯೂ-90 ಜಿಎಲ್-5 ಹಾಕಿದ್ರೆ ಆಗ್ತದಾ?

ಸುರತ್ಕಲ್_ಸವಾರ:

ಎಲ್ಲರಿಗೂ ನಮಸ್ಕಾರ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್, ಐದು ಗೇರ್. ಸೆಕೆಂಡ್ ಹ್ಯಾಂಡ್. 88,000 ಕಿ.ಮೀ. ಓಡಿದೆ, ಗೇರ್ ಆಯಿಲ್ ಬದಲಿಸಿದ ಬಿಲ್ಲು ಒಂದೂ ಇಲ್ಲ. ಪುಸ್ತಕದಲ್ಲಿ ‘ಎಪಿಐ ಜಿಎಲ್-4, ಎಸ್‌ಎಇ 75ಡಬ್ಲ್ಯೂ-80, 2.1 ಲೀಟರ್’ ಎಂದು ಉಂಟು. (ಎಸ್‌ಎಇ ಅಂದರೆ ಆಯಿಲಿನ ದಪ್ಪದ ನಂಬರ್, ಜಿಎಲ್ ಅಂದರೆ ಅದು ಯಾವ ಕೆಲಸಕ್ಕೆ ಎನ್ನುವ ವರ್ಗ.)

ತೊಂದರೆ ಇಷ್ಟೇ: ಬೆಳಿಗ್ಗೆ ಮೊದಲ ಎರಡು ಕಿಲೋಮೀಟರ್ ಒಂದರಿಂದ ಎರಡಕ್ಕೆ ಹಾಕುವಾಗ ಲಿವರ್ ಗಟ್ಟಿ. ಬಿಸಿಯಾದ ಮೇಲೆ ಸರಿಯಾಗ್ತದೆ. ಆದರೆ ಮೂರರಿಂದ ಎರಡಕ್ಕೆ ಬೇಗ ಇಳಿಸಿದರೆ ಆಗಾಗ ‘ಕರ್’ ಅಂತದೆ. ರಿವರ್ಸಿಗೂ ಒಮ್ಮೊಮ್ಮೆ.

ಮೂರು ಅಂಗಡಿ ತಿರುಗಿದೆ. ಒಂದರಲ್ಲಿ “80ಡಬ್ಲ್ಯೂ-90 ಜಿಎಲ್-5 ತಕೊಳ್ಳಿ, ನಾಲ್ಕಕ್ಕಿಂತ ಐದು ಒಳ್ಳೇದು, ನಮ್ಮ ಸೆಕೆಗೆ ದಪ್ಪ ಆಯಿಲೇ ಬೇಕು” ಅಂದರು. ಇನ್ನೊಂದರಲ್ಲಿ 75ಡಬ್ಲ್ಯೂ-90 ಸಿಂಥೆಟಿಕ್ ತೋರಿಸಿದರು, ಬಾಟಲಿಯ ಮೇಲೆ ಜಿಎಲ್-4 ಮತ್ತು ಜಿಎಲ್-5 ಎರಡೂ ಬರೆದಿತ್ತು. ಮೂರನೆಯವರು ಇಂಜಿನ್ ಆಯಿಲೇ ಸಾಕು ಅಂದರು. ತಿಂಗಳಿಗೆ ಎರಡು ಸಲ ಚಾರ್ಮಾಡಿ ಹತ್ತಿ ಇಳಿಯುವ ಗಾಡಿ. ಯಾವುದು ಹಾಕುದು, ಯಾಕೆ ಅಂತ ಬಲ್ಲವರು ಹೇಳಿ.

ಹಲ್ಲುಚಕ್ರ, ಕಂಕನಾಡಿ:

ಮಾಡೆಲ್ ಹೆಸರು ಬರೆಯದಿದ್ದರೂ ಪುಸ್ತಕದ ಸಾಲು ಬರೆದಿರಿ, ಒಳ್ಳೆಯದಾಯ್ತು. ಜಿಎಲ್-5 ಹಾಕಬೇಡಿ.

‘ನಾಲ್ಕಕ್ಕಿಂತ ಐದು ಒಳ್ಳೇದು’ ಎನ್ನುವುದು ಇಂಜಿನ್ ಆಯಿಲಿನ ಲೆಕ್ಕ. ಅಲ್ಲಿ ಎಸ್‌ಎನ್ ಎಂಬ ದರ್ಜೆ ಆದ ಮೇಲೆ ಎಸ್‌ಪಿ ಬಂತು, ಹೊಸದು ಹಳೆಯದರ ಜಾಗಕ್ಕೆ ಸಲ್ಲುತ್ತದೆ. ಗೇರ್ ಆಯಿಲಿನಲ್ಲಿ ಆ ಅಂಕೆ ಯಾವ ಕೆಲಸಕ್ಕೆ ಎಂದು ಹೇಳುತ್ತದೆ ಅಷ್ಟೆ, ಮೇಲುಕೀಳು ಹೇಳುವುದಿಲ್ಲ. ಜಿಎಲ್-5 ಇರುವುದು ಹೈಪಾಯ್ಡ್ ಗೇರಿಗೆ, ಅಂದರೆ ಹಿಂದಿನ ಚಕ್ರ ಓಡುವ ಗಾಡಿಗಳ ಕ್ರೌನ್-ಪಿನಿಯನ್ನಿಗೆ (ಹಿಂದಿನ ಆಕ್ಸಲಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಸಣ್ಣದ್ದು ಪಿನಿಯನ್). ಅಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕೆ ಕೂತಿರುವುದಿಲ್ಲ, ಕೆಳಗೆ ಸರಿದಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೆ ಉಜ್ಜಿಕೊಂಡೂ ಹೋಗುತ್ತವೆ. ಆ ಒತ್ತಡಕ್ಕೆ ಬರೀ ಆಯಿಲಿನ ಪದರ ತಡೆಯುವುದಿಲ್ಲ. ಅದಕ್ಕೇ ಗಂಧಕ, ರಂಜಕದ ಸೇರ್ಪಡೆ ಹಾಕುವುದು. ಹಲ್ಲು ಉಜ್ಜಿದ ಬಿಸಿಗೆ ಅದು ಉಕ್ಕಿನ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿ ಹಲ್ಲು ಹಲ್ಲನ್ನು ಕಚ್ಚದ ಹಾಗೆ ನೋಡಿಕೊಳ್ಳುತ್ತದೆ. ಜಿಎಲ್-5ರಲ್ಲಿ ಈ ಸೇರ್ಪಡೆ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು.

ನಿಮ್ಮ ಗಾಡಿಯಲ್ಲಿ ಹೈಪಾಯ್ಡ್ ಇಲ್ಲವೇ ಇಲ್ಲ. ಇಂಜಿನ್ ಅಡ್ಡ ಕೂತಿದೆ, ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಶಿಯಲ್ ಗೇರ್ ಬಾಕ್ಸಿನ ಹೊಟ್ಟೆಯೊಳಗೇ ಉಂಟು, ಅದನ್ನು ತಿರುಗಿಸುವ ಕೊನೆಯ ಜೋಡಿ, ಫೈನಲ್ ಡ್ರೈವ್, ಓರೆಹಲ್ಲಿನ ಹೆಲಿಕಲ್ ಗೇರ್. ಅದಕ್ಕೆ ಜಿಎಲ್-4ರ ಬಲ ಧಾರಾಳ ಸಾಕು.

ಈಗ ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೋ ರಿಂಗಿಗೆ ಬನ್ನಿ. ಯಾವ ಆಯಿಲ್ ಬೇಕು ಎಂದು ತೀರ್ಮಾನ ಮಾಡುವುದು ಅದೇ, ಗೇರಿನ ಹಲ್ಲಲ್ಲ. ಬಿಚ್ಚಿಟ್ಟ ಬಾಕ್ಸ್ ಎಲ್ಲಾದರೂ ಸಿಕ್ಕಿದರೆ ಒಂದು ರಿಂಗನ್ನು ಕೈಯಲ್ಲಿ ಹಿಡಿದು ನೋಡಿ. ಬಳೆಯಷ್ಟು ಅಗಲ, ಹೊರಗೆ ಚೂಪು ಹಲ್ಲು, ಒಳಮೈ ಲಾಳಿಕೆಯ ಹಾಗೆ ಇಳಿಜಾರು. ಆ ಇಳಿಜಾರಿನ ಮೇಲೆ ಬೋಲ್ಟಿನ ಮರೆಯ (ಥ್ರೆಡ್ಡಿನ) ಹಾಗೆ ನಯವಾದ ಗೀರುಗಳಿರುತ್ತವೆ. ಹೊಸ ರಿಂಗಿನಲ್ಲಿ ಉಗುರು ಎಳೆದರೆ ಕರಕರ ತಾಗುತ್ತದೆ. ಲಿವರ್ ಒತ್ತಿದಾಗ ಈ ರಿಂಗ್ ಹೋಗಿ ಗೇರಿನ ಕೋನಿಗೆ ಉಜ್ಜುತ್ತದೆ, ಗೀರುಗಳು ನಡುವಿನ ಆಯಿಲನ್ನು ಕ್ಷಣದಲ್ಲಿ ಕತ್ತರಿಸಿ ಹೊರಗೆ ತಳ್ಳುತ್ತವೆ, ಲೋಹಕ್ಕೆ ಲೋಹ ಹಿಡಿದು ಎರಡರ ವೇಗ ಒಂದಾಗುತ್ತದೆ, ಆಮೇಲೆ ಗೇರನ್ನು ಶಾಫ್ಟಿಗೆ ಕಟ್ಟುವ ಸ್ಲೀವ್ ಸದ್ದಿಲ್ಲದೆ ಒಳಗೆ ಜಾರುತ್ತದೆ. ಅಂದರೆ ಅದೊಂದು ಸಣ್ಣ ಬ್ರೇಕ್. ಹಲ್ಲಿಗೆ ಜಾರಬೇಕು, ರಿಂಗಿಗೆ ಹಿಡಿಯಬೇಕು, ಎರಡೂ ಒಂದೇ ಆಯಿಲಿನಲ್ಲಿ ಮುಳುಗಿವೆ. ಜಿಎಲ್-5ರ ಜಾರು ಜಾಸ್ತಿ ಆದರೆ ರಿಂಗ್ ಹಿಡಿಯಲು ತಡ ಮಾಡುತ್ತದೆ, ಅಷ್ಟರಲ್ಲಿ ನೀವು ಲಿವರ್ ಒತ್ತಿ ಆಗಿರುತ್ತದೆ. ‘ಕರ್’.

ಎರಡನೆಯ ತೊಂದರೆ ನಿಧಾನದ್ದು. ರಿಂಗ್ ಹಿತ್ತಾಳೆಯದ್ದು, ತಾಮ್ರದ ಅಂಶದ ಮೇಲೆ ಗಂಧಕಕ್ಕೆ ಕಣ್ಣು. ಬಿಸಿಯಲ್ಲಿ ವರ್ಷಗಟ್ಟಲೆ ಮುಳುಗಿದ್ದರೆ ಮೈ ಕಪ್ಪಾಗಿ, ಗೀರಿನ ತುದಿಗಳು ಉದುರುತ್ತವೆ. ಸವೆದ ಹಾಗೆ ರಿಂಗ್ ಕೋನಿನ ಮೇಲೆ ಇನ್ನಷ್ಟು ಒಳಗೆ ಕೂರುತ್ತದೆ. ರಿಂಗಿಗೂ ಗೇರಿಗೂ ನಡುವೆ ಇರಬೇಕಾದ ಸಂದು ಮುಚ್ಚಿಹೋಯಿತೋ, ಆ ರಿಂಗ್ ಮತ್ತೆ ಕೆಲಸಕ್ಕಿಲ್ಲ. ಯಾವ ಆಯಿಲ್ ಹಾಕಿದರೂ ಅದು ಹಿಂದೆ ಬರುವುದಿಲ್ಲ, ಬಾಕ್ಸ್ ಇಳಿಸಬೇಕು.

ಇನ್ನು ಸೆಕೆಗೆ ದಪ್ಪ ಆಯಿಲ್ ಎನ್ನುವ ಮಾತು. ಗೇರ್ ಆಯಿಲಿನ ಎಸ್‌ಎಇ ನಂಬರ್ ಇಂಜಿನ್ ಆಯಿಲಿನ ನಂಬರಿನ ಜೊತೆ ತಾಳೆಯಾಗುವುದಿಲ್ಲ. ತೊಂಬತ್ತು ನಂಬರಿನ ಗೇರ್ ಆಯಿಲ್ ಹೆಚ್ಚುಕಡಿಮೆ ನಲವತ್ತು-ಐವತ್ತು ನಂಬರಿನ ಇಂಜಿನ್ ಆಯಿಲಿನಷ್ಟೇ ದಪ್ಪ. 100 ಡಿಗ್ರಿಯಲ್ಲಿ ಅಳೆದರೆ ಎಂಬತ್ತರ ಆಯಿಲ್ 8.5ರಿಂದ 11 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗೆ, ತೊಂಬತ್ತರದ್ದು 13.5ರಿಂದ 18.5ರ ಒಳಗೆ ಇರಬೇಕು. ಬೆಳಗಿನ ತಂಪಿನಲ್ಲಿ ವ್ಯತ್ಯಾಸ ಇನ್ನೂ ಜೋರು: 40 ಡಿಗ್ರಿಯಲ್ಲಿ 75ಡಬ್ಲ್ಯೂ-80 ಸಾಮಾನ್ಯವಾಗಿ 50ರ ಆಸುಪಾಸು ಇದ್ದರೆ 80ಡಬ್ಲ್ಯೂ-90 ಆಯಿಲ್ 140ರ ಆಸುಪಾಸು. ಸುರತ್ಕಲ್ಲಿನ ಜನವರಿ ಬೆಳಿಗ್ಗೆ 40 ಡಿಗ್ರಿ ಎಲ್ಲಿರುತ್ತದೆ? ಇಪ್ಪತ್ತೊಂದೋ ಇಪ್ಪತ್ತೆರಡೋ. ಅಲ್ಲಿ ಎರಡೂ ಇನ್ನೂ ದಪ್ಪ. ನಿಮಗೆ ಈಗಲೇ ಬೆಳಿಗ್ಗೆ ಎರಡನೇ ಗೇರ್ ಗಟ್ಟಿ, ಅದಕ್ಕೆ ತೊಂಬತ್ತು ಹೊಯ್ದರೆ ಆ ಗೀರುಗಳು ಜೇನಿನಂಥ ಆಯಿಲನ್ನು ಕತ್ತರಿಸಬೇಕು. ಎರಡು ಕಿ.ಮೀ. ಗಟ್ಟಿ ಇದ್ದದ್ದು ಐದು ಕಿ.ಮೀ. ಆಗ್ತದೆ.

ಸಿಗದಿದ್ದರೆ ಏನು ಮಾಡುವುದು ಅಂತ ಕೇಳಿದಿರಿ. ಮೊದಲು ನಿಮ್ಮ ಗಾಡಿ ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಪುಸ್ತಕದ ಸಾಲು ತೋರಿಸಿ ಕೇಳಿ, ಹೊರಗಿನ ಅಂಗಡಿಯಲ್ಲಿ ಇಲ್ಲದ್ದು ಅಲ್ಲಿ ಇರುತ್ತದೆ. ಅಲ್ಲೂ ಇಲ್ಲವಾದರೆ 75ಡಬ್ಲ್ಯೂ-85 ಜಿಎಲ್-4. ಅದೂ ಇಲ್ಲವಾದರೆ 75ಡಬ್ಲ್ಯೂ-90, ಆದರೆ ಬರೀ ಜಿಎಲ್-4. ನಂಬರ್ ಒಂದೆರಡು ಮೆಟ್ಟಿಲು ಆಚೀಚೆ ಆದರೆ ಲಿವರ್ ಸ್ವಲ್ಪ ಗಟ್ಟಿಯಾದೀತು ಅಷ್ಟೆ. ಜಿಎಲ್ ತಪ್ಪಿದರೆ ರಿಂಗ್ ಹೋದೀತು.

ಇಂಜಿನ್ ಆಯಿಲ್ ಎಂದವರ ಮಾತು ಪೂರ್ತಿ ಗಾಳಿಮಾತಲ್ಲ. ಹೋಂಡಾದವರು ತಮ್ಮದೇ ಎಂಟಿಎಫ್ (ಮ್ಯಾನುವಲ್ ಗೇರ್ ಬಾಕ್ಸಿನ ಆಯಿಲ್) ಸಿಗದಿದ್ದಾಗ ತಾತ್ಕಾಲಿಕವಾಗಿ ಇಂಜಿನ್ ಆಯಿಲ್ ಹಾಕಬಹುದೆಂದು ಪುಸ್ತಕದಲ್ಲೇ ಬರೆದದ್ದುಂಟು. ಅಮೆರಿಕದ ಬೋರ್ಗ್ ವಾರ್ನರ್ ಟಿ-5 ಎಂಬ ಮ್ಯಾನುವಲ್ ಬಾಕ್ಸಿಗೆ ಆಟೋಮ್ಯಾಟಿಕ್ ಗಾಡಿಯ ಎಟಿಎಫ್ ಹಾಕುತ್ತಾರೆ. ಆ ಬಾಕ್ಸ್‌ಗಳನ್ನು ಆ ಆಯಿಲಿಗೆಂದೇ ಮಾಡಿದ್ದು. ನಿಮ್ಮ ಪುಸ್ತಕ ಜಿಎಲ್-4 ಅನ್ನುತ್ತದೆ, ಮುಗಿಯಿತು.

ಮಣಿಪಾಲ_ಮಾಪಕ:

ಮೇಲಿನವರ ತೀರ್ಮಾನ ಸರಿ, ಒಂದು ಕಾರಣಕ್ಕೆ ಮಾತ್ರ ತಿದ್ದುಪಡಿ. ಜಿಎಲ್-5 ಹಾಕಿದ ಕೂಡಲೇ ಹಿತ್ತಾಳೆ ಕರಗಿ ಹೋಗುತ್ತದೆ ಎನ್ನುವ ಹಾಗೆ ಎಲ್ಲಾ ಕಡೆ ಬರೆಯುತ್ತಾರೆ, ಅದು ಹಳೆಯ ಸೇರ್ಪಡೆಗಳ ಕಾಲದ ಹೆದರಿಕೆ. ಈಗಿನ ಒಳ್ಳೆಯ ಜಿಎಲ್-5 ಆಯಿಲುಗಳಲ್ಲಿ ಗಂಧಕವನ್ನು ಸುಮ್ಮನೆ ಎರಗದ ಹಾಗೆ ಕಟ್ಟಿಹಾಕಿರುತ್ತಾರೆ. ಇದನ್ನು ಅಳೆಯಲು ಎಎಸ್‌ಟಿಎಂ ಡಿ130 ಎಂಬ ಪರೀಕ್ಷೆ ಇದೆ: ಉಜ್ಜಿ ಹೊಳಪು ಮಾಡಿದ ತಾಮ್ರದ ಪಟ್ಟಿಯನ್ನು ಬಿಸಿ ಆಯಿಲಿನಲ್ಲಿ ಕೆಲವು ಗಂಟೆ, ಸಾಮಾನ್ಯವಾಗಿ 3 ಗಂಟೆ, ಮುಳುಗಿಸಿಟ್ಟು ತೆಗೆದು ಬಣ್ಣದ ಪಟ್ಟಿಯ ಜೊತೆ ಹೋಲಿಸುವುದು. 1ಎ ಅಂದರೆ ಹೆಚ್ಚುಕಡಿಮೆ ಹೊಸ ಹೊಳಪೇ, 4 ಅಂದರೆ ಕಪ್ಪು. ಬಾಟಲಿಯ ಮೇಲೆ ಇದು ಬರೆದಿರುವುದಿಲ್ಲ. ಆಯಿಲ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಆಯಿಲಿನ ಡೇಟಾ ಶೀಟ್ ಇರುತ್ತದೆ, ಅದರಲ್ಲಿ ‘ಕಾಪರ್ ಕೊರೋಷನ್’ ಸಾಲು ಹುಡುಕಿ. 1ಎ, 1ಬಿ ಇದ್ದರೆ ತಾಮ್ರಕ್ಕೆ ಭಯವಿಲ್ಲ.

ಆದರೆ ಇಷ್ಟರಿಂದ ಜಿಎಲ್-5 ನಿಮ್ಮ ಬಾಕ್ಸಿಗೆ ಆಗುತ್ತದೆ ಎಂದಾಗಲಿಲ್ಲ. ಪಟ್ಟಿ ಕಪ್ಪಾಗಲಿಲ್ಲ ಎಂದಷ್ಟೇ ಅದು ಹೇಳುವುದು. ರಿಂಗ್ ಕೋನನ್ನು ಹಿಡಿಯುತ್ತದೋ ಜಾರುತ್ತದೋ ಎಂಬುದಕ್ಕೆ ಡಿ130ರಲ್ಲಿ ಉತ್ತರವಿಲ್ಲ. ನಿಮ್ಮ ‘ಕರ್’ ಇರುವುದು ಅಲ್ಲಿ.

ಎರಡೂ ಬರೆದ ಬಾಟಲಿಯ ಬಗ್ಗೆ: ‘ಜಿಎಲ್-4/ಜಿಎಲ್-5’ ಎಂದರೆ ಅದು ಜಿಎಲ್-5ರ ಭಾರ ತಡೆಯುವಷ್ಟು ಸೇರ್ಪಡೆ ಇರುವ ಆಯಿಲ್, ತಾಮ್ರಕ್ಕೆ ತೊಂದರೆ ಮಾಡುವುದಿಲ್ಲ ಎಂದು ಮಾಡಿದವರ ಭರವಸೆ. ಎರಡರಲ್ಲಿ ಯಾವುದಾದರೂ ಸರಿ ಎಂದು ಪುಸ್ತಕದಲ್ಲೇ ಬರೆದ ಗಾಡಿಗಳೂ ಇವೆ, ಅಂಥದ್ದಕ್ಕೆ ಧೈರ್ಯವಾಗಿ ಹಾಕಿ. ಬರೀ ಜಿಎಲ್-4 ಎಂದು ಬರೆದ, ಈಗಾಗಲೇ ಸಿಂಕ್ರೋ ಗೊಣಗುತ್ತಿರುವ ಬಾಕ್ಸಿಗೆ ನಾನಾದರೆ ಹಾಕಲಿಕ್ಕಿಲ್ಲ. ಬಾಟಲಿಯ ಮುಂದುಗಡೆಯ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಅಲ್ಲಿ ‘ಸಿಂಕ್ರೋಮೆಶ್ ಟ್ರಾನ್ಸ್‌ಮಿಷನ್’ ಎಂಬ ಮಾತಿದ್ದರೆ ಅದು ಗೇರ್ ಬಾಕ್ಸಿನದ್ದು. ‘ಹೈಪಾಯ್ಡ್ ಆಕ್ಸಲ್’, ‘ಲಿಮಿಟೆಡ್ ಸ್ಲಿಪ್’ ಎಂದಿದ್ದರೆ ಅದು ಹಿಂದಿನ ಆಕ್ಸಲಿನ ಕ್ರೌನ್ ಇರುವ ಹೌಸಿಂಗಿನದ್ದು. ಬಣ್ಣ, ವಾಸನೆ ನೋಡಿ ತೀರ್ಮಾನ ಮಾಡಬೇಡಿ. ಗಂಧಕದ ವಾಸನೆ ಜಿಎಲ್-4ರಲ್ಲೂ ಇರುತ್ತದೆ.

ಇನ್ನೊಂದು. ಕೌಂಟರಿನಲ್ಲಿ ಮಾಲಿಬ್ಡಿನಮ್, ಟೆಫ್ಲಾನ್ ಎಂದೆಲ್ಲ ಬರೆದ ಸಣ್ಣ ಟ್ಯೂಬುಗಳನ್ನು ‘ಗೇರ್ ಸ್ಮೂತ್ ಆಗ್ತದೆ’ ಎಂದು ಕೊಡುತ್ತಾರೆ. ಬ್ರೇಕ್ ಡ್ರಮ್ಮಿಗೆ ಎಣ್ಣೆ ಬಿಟ್ಟರೂ ಸ್ಮೂತ್ ಆಗುತ್ತದೆ.

ಪಡುಬಿದ್ರಿ_ಪಾನಾ:

ಆಯಿಲಿಗೆ ದುಡ್ಡು ಹಾಕುವ ಮೊದಲು ಕ್ಲಚ್ ನೋಡಿ ಮಾರಾಯ್ರೆ. ಗೇರ್ ಗಟ್ಟಿ ಅಂದ ಕೂಡಲೇ ಎಲ್ಲರೂ ಬಾಕ್ಸಿನ ಮೇಲೆ ಬೀಳುದು, ಅರ್ಧಕ್ಕರ್ಧ ಕೇಸಿನಲ್ಲಿ ಕ್ಲಚ್ ಪೂರ್ತಿ ಬಿಡ್ತಾ ಇರುದಿಲ್ಲ.

ಇಂಜಿನ್ ಆಫ್ ಮಾಡಿ ಐದೂ ಗೇರ್, ರಿವರ್ಸ್ ಹಾಕಿ ನೋಡಿ. ಆಗಲೂ ಗಟ್ಟಿ ಇದ್ದರೆ ಲಿವರಿನ ಕೇಬಲ್, ಬುಷ್, ಬಾಕ್ಸಿನ ಮೇಲಿನ ಸೆಲೆಕ್ಟರ್ ಶಾಫ್ಟ್ ನೋಡಬೇಕು. ನಮ್ಮ ಉಪ್ಪುಗಾಳಿಗೆ ಆ ಶಾಫ್ಟಿನ ಹೊರಗಿನ ತುದಿ ತುಕ್ಕು ಹಿಡೀತದೆ, ರಬ್ಬರ್ ಬೂಟ್ ಹರಿದಿದ್ರೆ ಕೇಳುದೇ ಬೇಡ. ಅದಕ್ಕೆ ಗೇರ್ ಆಯಿಲ್ ಬದಲಿಸಿ ಪ್ರಯೋಜನ ಇಲ್ಲ.

ಆಫ್ ಇದ್ದಾಗ ಹಗುರ, ಇಂಜಿನ್ ಓಡುವಾಗ ನಿಂತಲ್ಲೇ ಗಟ್ಟಿ ಅಂತಾದ್ರೆ ಕ್ಲಚ್ಚಿನ ಮೇಲೆ ಸಂಶಯ. ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಹಾಗೇ ಹಿಡೀರಿ, ಆಮೇಲೆ ರಿವರ್ಸ್ ಹಾಕಿ. ಹೆಚ್ಚಿನ ಬಾಕ್ಸಿನಲ್ಲಿ ರಿವರ್ಸಿಗೆ ಸಿಂಕ್ರೋ ಇರುದಿಲ್ಲ, ಒಳಗಿನ ಶಾಫ್ಟ್ ತಿರುಗುದು ನಿಲ್ಲಬೇಕು. ಐದು ಸೆಕೆಂಡ್ ಕಾದ ಮೇಲೂ ಕರ್ ಅಂದ್ರೆ ಕ್ಲಚ್ ಎಳೀತಾ ಉಂಟು ಅಂತ ಅರ್ಥ: ಕೇಬಲ್ ಆದ್ರೆ ಅಡ್ಜಸ್ಟ್ ಮಾಡಿ, ಹೈಡ್ರಾಲಿಕ್ ಆದ್ರೆ ಗಾಳಿ ತೆಗೀರಿ, ಸಿಲಿಂಡರ್ ಸೋರ್ತದಾ ನೋಡಿ. ಕಾದ್ರೆ ಸದ್ದಿಲ್ಲದೆ ಬೀಳ್ತದೆ ಅಂದ್ರೆ ನೀವು ಅವಸರ ಮಾಡುದು ಅಷ್ಟೆ.

ಶಬ್ದದ ಲೆಕ್ಕವೂ ಕೇಳಿ. ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟಾಗ ‘ಗುಂಯ್’ ಅಂತ ಇದ್ದು, ಒತ್ತಿದಾಗ ನಿಂತ್ರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗ ಶುರುವಾದ್ರೆ ರಿಲೀಸ್ ಬೇರಿಂಗ್. ಒಂದೇ ಗೇರಿನಲ್ಲಿ ಮಾತ್ರ ಕೂಗಿದ್ರೆ ಆ ಜೋಡಿಯ ಹಲ್ಲು. ಈ ಮೂರಕ್ಕೂ ಹೊಸ ಆಯಿಲ್ ಔಷಧಿ ಅಲ್ಲ.

ಸುರತ್ಕಲ್_ಸವಾರ:

ಎಲ್ಲ ಮಾಡಿ ನೋಡಿದೆ. ಇಂಜಿನ್ ಆಫ್ ಇದ್ದಾಗ ಆರೂ ಹಗುರ. ಓಡುವಾಗ ಐದು ಸೆಕೆಂಡ್ ಕಾದರೆ ರಿವರ್ಸ್ ಸದ್ದಿಲ್ಲದೆ ಬೀಳ್ತದೆ. ಬೆಳಿಗ್ಗೆ ಎರಡನೇ ಗೇರ್ ಗಟ್ಟಿ, ಮೂರರಿಂದ ಎರಡಕ್ಕೆ ಒಮ್ಮೊಮ್ಮೆ ಕರ್, ಅದು ಹಾಗೇ ಉಂಟು. ಕಂಪನಿಯ ಕೌಂಟರಿನಲ್ಲಿ 75ಡಬ್ಲ್ಯೂ-80 ಜಿಎಲ್-4 ಸಿಕ್ಕಿತು, ಒಂದು ಲೀಟರಿನ ಮೂರು ಬಾಟಲಿ ತಂದಿಟ್ಟೆ. ಮನೆಯಲ್ಲೇ ಬದಲಿಸಬಹುದಾ? ಜಾಕಿ ಉಂಟು, ಅಂಗಳದಲ್ಲಿ ಇಂಟರ್‌ಲಾಕ್ ಹಾಕಿದೆ, ಸಮತಟ್ಟು.

ಹಲ್ಲುಚಕ್ರ, ಕಂಕನಾಡಿ:

ಹಾಗಾದರೆ ಎರಡನೇ ಗೇರಿನ ಸಿಂಕ್ರೋ ಸ್ವಲ್ಪ ಸವೆದಿದೆ, ಆಯಿಲೂ ಹಳತಾಗಿದೆ. ಬದಲಿಸಿದರೆ ಬೆಳಗಿನ ಗಟ್ಟಿ ಕಡಿಮೆಯಾಗಬೇಕು. ‘ಕರ್’ ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ.

ಮನೆಯಲ್ಲಿ ಮಾಡಬಹುದು. ಕಷ್ಟ ಇರುವುದು ಗಾಡಿಯನ್ನು ಮಟ್ಟವಾಗಿ ಎತ್ತುವುದರಲ್ಲಿ. ಮುಂದೆ ಮಾತ್ರ ಎತ್ತಿದರೆ ಬಾಕ್ಸ್ ಓರೆಯಾಗಿ ಲೆವೆಲ್ ತಪ್ಪುತ್ತದೆ, ನಾಲ್ಕೂ ಕಡೆ ಸ್ಟ್ಯಾಂಡ್ ಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ತಲೆ ಹಾಕಬೇಡಿ. ಸ್ಟ್ಯಾಂಡಿನ ಬದಲು ಕೆಂಪುಕಲ್ಲು ಇಡುವ ಅಭ್ಯಾಸ ನಮ್ಮಲ್ಲುಂಟು, ಅದಂತೂ ಬೇಡವೇ ಬೇಡ. ಕೆಂಪುಕಲ್ಲಿನ ಮೂಲೆ ಒಂದು ಕಡೆಯ ಭಾರಕ್ಕೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಹೊಂಡ ಇರುವ ಗ್ಯಾರೇಜಿಗೆ ನಿಮ್ಮ ಆಯಿಲ್ ಹಿಡಿದುಕೊಂಡು ಹೋಗಿ, ಕೂಲಿ ಕೊಟ್ಟು ಎದುರು ನಿಂತು ಮಾಡಿಸಿ.

ಮೊದಲು ಹತ್ತು ಕಿ.ಮೀ. ಓಡಿಸಿ ಬನ್ನಿ. ಬೆಚ್ಚಗಿನ ಆಯಿಲ್ ಕೆಸರನ್ನೂ ಎತ್ತಿಕೊಂಡು ಇಳಿಯುತ್ತದೆ. ತೀರಾ ಬಿಸಿ ಬೇಡ, ಕೈ ಸುಡುತ್ತದೆ. ಬಾಕ್ಸಿನ ಪಕ್ಕದಲ್ಲಿ ಅರ್ಧ ಎತ್ತರದಲ್ಲಿ ಫಿಲ್ಲರ್ ಪ್ಲಗ್, ಅಡಿಯಲ್ಲಿ ಡ್ರೈನ್ ಪ್ಲಗ್. ಕೆಲವಕ್ಕೆ ಷಟ್ಕೋನದ ತಲೆ, ಕೆಲವಕ್ಕೆ 3/8 ಇಂಚಿನ ರ‍್ಯಾಚೆಟ್ ನೇರ ಕೂರುವ ಚೌಕ ಗುಂಡಿ.

ಯಾವತ್ತೂ ಮೇಲಿನದ್ದು ಮೊದಲು ಬಿಚ್ಚಿ. ಅಡಿಯದ್ದು ಬಿಚ್ಚಿ ಆಯಿಲ್ ಪೂರ್ತಿ ಚೆಲ್ಲಿ, ಆಮೇಲೆ ಮೇಲಿನದ್ದು ಬಿಚ್ಚಲು ಬಾರದೆ ಹೋದರೆ ಗಾಡಿ ಅಂಗಳದಲ್ಲೇ ಕೂತಿರುತ್ತದೆ.

ಇಪ್ಪತ್ತು ನಿಮಿಷ ಸೋರಲು ಬಿಡಿ. ಬಂದ ಆಯಿಲನ್ನು ಹಳೆಯ ಒಂದು ಲೀಟರಿನ ಬಾಟಲಿಗಳಿಗೆ ತುಂಬಿ ಅಳೆಯಿರಿ. 2.1 ಲೀಟರಿನ ಬಾಕ್ಸಿನಿಂದ ಎರಡು ಲೀಟರಿನ ಹತ್ತಿರ ಬಂದರೆ ಸರಿ. ಒಂದೂವರೆಯೇ ಬಂದರೆ ಎಲ್ಲೋ ಸೋರುತ್ತಿದೆ: ಎಡ ಬಲದ ಡ್ರೈವ್ ಶಾಫ್ಟ್ ಬಾಕ್ಸಿಗೆ ಹೊಗುವಲ್ಲಿನ ಆಯಿಲ್ ಸೀಲ್ ನೋಡಿ. ಅಲ್ಲಿ ದಪ್ಪ ಕಪ್ಪು ಗ್ರೀಸ್ ಎರಚಿದ್ದರೆ ಅದು ಜಾಯಿಂಟಿನ ಬೂಟ್ ಹರಿದದ್ದು, ತೆಳ್ಳಗೆ ಗಂಧಕದ ವಾಸನೆಯ ಒದ್ದೆ ಇದ್ದರೆ ಸೀಲ್. ಇಂಜಿನಿಗೂ ಬಾಕ್ಸಿಗೂ ಜೋಡಣೆಯಾದ ಕಡೆ ಅಡಿಯಿಂದ ತೊಟ್ಟಿಕ್ಕಿದರೆ ಇಂಜಿನ್ನಿನ ಹಿಂದಿನ ಸೀಲೋ ಬಾಕ್ಸಿನ ಮುಂದಿನ ಸೀಲೋ ಎಂದು ವಾಸನೆಯಿಂದಲೇ ಅಂದಾಜು ಸಿಗುತ್ತದೆ.

ಡ್ರೈನ್ ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ವಿಭೂತಿ ಕಲಸಿದ ಹಾಗೆ ಬೂದು ಮೆತ್ತಿರುತ್ತದೆ. ಹೆದರಬೇಡಿ, ಅದು ಸಹಜ ಸವೆತ. ಬೆರಳಲ್ಲಿ ತಿಕ್ಕಿ ನೋಡಿ, ಚೂಪಾದ ಚೂರು ಚುಚ್ಚಿದರೆ ಹಲ್ಲಿನ ತುಂಡು, ಅದು ಬೇರೆ ಕಥೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನು ನೋಡಬೇಕಾದರೆ ಹಳೆಯ ಆಯಿಲನ್ನು ಬಿಳಿ ತಟ್ಟೆಗೆ ಎರಡು ಚಮಚ ಹಾಕಿ ಬಿಸಿಲಿಗೆ ಹಿಡಿದು ಓಲಾಡಿಸಿ. ಚಿನ್ನದ ಪುಡಿಯಂತೆ ಸಣ್ಣಗೆ ಮಿನುಗಿದರೆ ಅದು ಸಿಂಕ್ರೋ ರಿಂಗಿನದ್ದೇ. ಸ್ವಲ್ಪ ಇದ್ದೇ ಇರುತ್ತದೆ. ತಟ್ಟೆ ಇಡೀ ಮಿಂಚಿದರೆ ರಿಂಗಿಗೆ ಹಣ ಕೂಡಿಡಲು ಶುರು ಮಾಡಿ.

ಪ್ಲಗ್ಗನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ವಾಷರ್ ಇದ್ದ ಪ್ಲಗ್ಗಿಗೆ ಹೊಸ ವಾಷರ್, ಸೀಲೆಂಟ್ ಹಚ್ಚಬೇಕೆಂದು ಬರೆದದ್ದಕ್ಕೆ ಮರೆಗೆ ತೆಳ್ಳಗೆ ಸೀಲೆಂಟ್. ಬಾಕ್ಸ್ ಅಲ್ಯೂಮಿನಿಯಂ, ಉದ್ದ ಹಿಡಿಯ ರಾಡ್ ಹಾಕಿ ಮೈಮೇಲೆ ಬಂದವರ ಹಾಗೆ ಬಿಗಿದರೆ ಮರೆ ಕಿತ್ತು ಬರುತ್ತದೆ. ಮತ್ತೆ ಲೇತಿನವರ ಹತ್ತಿರ ಹೊಸ ಮರೆ ಕೂರಿಸಬೇಕು. ಪುಸ್ತಕದ ಟಾರ್ಕಿಗೆ ಟಾರ್ಕ್ ರೆಂಚ್ ಹಾಕಿ.

ತುಂಬಿಸಲು ಪಿಚಕಾರಿ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪ್ ಸಿಗುತ್ತದೆ, ಒಂದೂವರೆ ಮೀಟರ್ ತನ್ನಿ. ಒಂದು ತುದಿಗೆ ಲಾಳಿಕೆ ಕಟ್ಟಿ ಬಾನೆಟ್ಟಿನ ಕಡೆಯಿಂದ ಇಳಿಸಿ, ಇನ್ನೊಂದು ತುದಿ ಫಿಲ್ಲರ್ ತೂತಿಗೆ. ನಿಧಾನ ಹೊಯ್ಯಿರಿ, ಅವಸರ ಮಾಡಿದರೆ ಗಾಳಿ ಕಟ್ಟಿ ಲಾಳಿಕೆಯಿಂದಲೇ ಉಕ್ಕುತ್ತದೆ. ಎರಡು ಲೀಟರ್ ಹೋದ ಮೇಲೆ ಕಾಲು ಕಾಲು ಕಪ್ಪು ಹಾಕುತ್ತಾ ನೋಡಿ. ತೂತಿನ ಕೆಳ ಅಂಚಿನಿಂದ ಹನಿ ಹನಿಯಾಗಿ ಹೊರಬರಲು ಶುರುವಾದಾಗ ಲೆವೆಲ್ ಆಯಿತು. ಹನಿ ನಿಲ್ಲಲು ಬಿಟ್ಟು ಪ್ಲಗ್ ಹಾಕಿ. ಮೂರನೇ ಬಾಟಲಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಉಳಿಯಬೇಕು. ಅದನ್ನು ಮುಚ್ಚಳ ಬಿಗಿದು ಇಡಿ.

ಲೆವೆಲ್ ತೂತೇ ಇಲ್ಲದ ಬಾಕ್ಸ್‌ಗಳಿವೆ, ಅವಕ್ಕೆ ಅಳತೆ ಮಾಡಿಯೇ ಹಾಕಬೇಕು. ನಿಮ್ಮದಕ್ಕೆ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ.

‘ಇರಲಿ’ ಎಂದು ಜಾಸ್ತಿ ಹಾಕಬೇಡಿ. ಗೇರು ಕಡೆದು ನೊರೆ ಬರುತ್ತದೆ, ಒತ್ತಡಕ್ಕೆ ಬ್ರೀದರಿನಿಂದಲೋ ಸೀಲಿನಿಂದಲೋ ಹೊರಗೆ ಬರುತ್ತದೆ, ಕ್ಲಚ್ ಪ್ಲೇಟಿಗೆ ತಾಗಿದರೆ ಖರ್ಚು ಹತ್ತು ಪಟ್ಟು. ಕಡಿಮೆಯಾದರೆ ಮೊದಲು ಒಣಗುವುದು ಎತ್ತರದಲ್ಲಿರುವ ಬೇರಿಂಗ್. ಐದನೇ ಗೇರನ್ನು ಕೊನೆಯ ಕವರಿನೊಳಗೆ ಬೇರೆಯಾಗಿ ಕೂರಿಸಿದ ಬಾಕ್ಸ್‌ಗಳಲ್ಲಿ ಅದಕ್ಕೂ ಆಯಿಲ್ ಸರಿಯಾಗಿ ತಲುಪುವುದಿಲ್ಲ. ಹೈವೇಯಲ್ಲಿ ಐದರಲ್ಲಿ ಮಾತ್ರ ಕೂಗು ಬಂದರೆ ಲೆವೆಲ್ ನೋಡುವುದನ್ನು ನಾಳೆಗೆ ಇಡಬೇಡಿ.

ಹಳೆಯ ಆಯಿಲನ್ನು ತೋಡಿಗೆ, ತೆಂಗಿನ ಬುಡಕ್ಕೆ ಹೊಯ್ಯಬೇಡಿ. ಮನೆಯಲ್ಲಿ ಬಾವಿ ಉಂಟಲ್ಲ. ಬಾಟಲಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಡಿ.

ಬೈಂದೂರು_ಬ್ರೀದರ್:

ಹ್ವಾಯ್, ಇಲ್ಲೊಂದ್ ಮಾತ್ ಬಿಟ್ ಹೋಯ್ತ್. ಎಲ್ಲರಿಗೂ ಅರ್ಥ ಆಗ್ಲಿ ಅಂದೇಳಿ ಪುಸ್ತಕದ ಕನ್ನಡದಗೇ ಬರಿತೆ.

ಮಳೆಗಾಲದ ನೀರು. ಬಾಕ್ಸಿನ ಮೇಲೆ ಗಾಳಿಯಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಹೈವೇಯಲ್ಲಿ ಓಡಿ ಕಾದ ಬಾಕ್ಸ್ ಸೀದಾ ಮಂಗಳೂರಿನ ಕೊಟ್ಟಾರ ಚೌಕಿಯ ನೀರಿಗೋ ಉಡುಪಿಯ ಕಲ್ಸಂಕದ ನೀರಿಗೋ ಇಳಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನ ಮೇಲಿದ್ದರೆ ಗಾಳಿ ಎಳೆಯುತ್ತದೆ. ಅದಕ್ಕೆ ಕೆಸರು ಕಟ್ಟಿದ್ದರೆ ಸವೆದ ಸೀಲಿನ ಅಂಚಿನಿಂದ ನೀರನ್ನೇ ಎಳೆಯುತ್ತದೆ. ಒಳಗೆ ಹೋದ ನೀರು ಆಯಿಲಿನ ಜೊತೆ ಕಡೆದು ಹಾಲು ಹಾಕಿದ ಚಹಾದ ಬಣ್ಣ ಬರುತ್ತದೆ. ಅಂಥ ಆಯಿಲಿನಲ್ಲಿ ಬೇರಿಂಗಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಚಕ್ರದ ಅರ್ಧ ಮುಳುಗುವ ನೀರಿನಲ್ಲಿ ಹೋಗಿಬಂದ ಗಾಡಿಗೆ ಕಿಲೋಮೀಟರ್ ಲೆಕ್ಕ ಹಾಕುತ್ತಾ ಕೂರಬೇಡಿ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡಿ, ಬಣ್ಣ ಕೆಟ್ಟಿದ್ದರೆ ಅವತ್ತೇ ಇಳಿಸಿ ಹೊಸದು ಹಾಕಿ, ಐನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ. ಒಂದೇ ಸಲಕ್ಕೆ ನೀರಿನ ಅಂಶ ಪೂರ್ತಿ ಬರುವುದಿಲ್ಲ.

ಓಮ್ನಿ, ಈಕೋ ಇಟ್ಟುಕೊಂಡವರು ಮೇಲಿನದ್ದನ್ನು ಓದಿ ಎಲ್ಲಾ ಕಡೆ ಜಿಎಲ್-4 ಹೊಯ್ದುಬಿಡಬೇಡಿ. ಅವು ಹಿಂದಿನ ಚಕ್ರ ಓಡುವ ಗಾಡಿಗಳು, ಮುಂದೆ ಗೇರ್ ಬಾಕ್ಸ್ ಬೇರೆ, ಹಿಂದೆ ಕ್ರೌನಿನ ಹೌಸಿಂಗ್ ಬೇರೆ. ಹಿಂದಿನದಕ್ಕೆ ಹೈಪಾಯ್ಡ್ ಆಯಿಲ್, ಜಿಎಲ್-5. ಅಲ್ಲಿ ಜಿಎಲ್-4 ಹಾಕಿದರೆ ಪಿನಿಯನ್ನಿನ ಹಲ್ಲು ಕಚ್ಚಿ ಘಾಟಿ ಹತ್ತುವಾಗ ಕೂಗಲು ಶುರು. ಗ್ಯಾರೇಜಿನಲ್ಲಿ ಒಂದೇ ಡಬ್ಬಿಯಿಂದ ಎರಡಕ್ಕೂ ಹೊಯ್ಯುವುದು ನಿಲ್ಲಬೇಕಾದ ಅಭ್ಯಾಸ. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ) ಗಾಡಿಯವರಿಗೂ ಒಂದು ಮಾತು: ಬಾಕ್ಸ್ ಮ್ಯಾನುವಲ್ಲೇ, ಅದಕ್ಕೆ ಗೇರ್ ಆಯಿಲ್ಲೇ. ಗೇರ್ ಹಾಕಿಕೊಡುವ ಹೈಡ್ರಾಲಿಕ್ ಆಕ್ಚುಯೇಟರ್ ಇದ್ದರೆ ಅದರ ಸಣ್ಣ ಡಬ್ಬಿಯ ಆಯಿಲ್ ಬೇರೆ. ಅದರೊಳಗೆ ಗೇರ್ ಆಯಿಲ್ ಹಾಕಿದವರು ಇದ್ದಾರೆ.

ಸುರತ್ಕಲ್_ಸವಾರ:

ಗ್ಯಾರೇಜಿನ ಹೊಂಡದ ಮೇಲೆ ನಿಲ್ಲಿಸಿ ಆಯಿತು. ಆದರೆ ಫಿಲ್ಲರ್ ಪ್ಲಗ್ ಅಲುಗಾಡುವುದಿಲ್ಲ. ಚೌಕ ಗುಂಡಿಯ ತುಂಬ ತುಕ್ಕು, ರ‍್ಯಾಚೆಟ್ ಜಾರ್ತದೆ. ಇವರು ಡ್ರೈನ್ ಪ್ಲಗ್ ಮಾತ್ರ ಬಿಚ್ಚಿ, ಸ್ಪೀಡೋ ಸೆನ್ಸರಿನ ತೂತಿನಿಂದ ಎರಡು ಲೀಟರ್ ಅಳೆದು ಹಾಕುವ ಅಂತಾರೆ.

ಪಡುಬಿದ್ರಿ_ಪಾನಾ:

ಡ್ರೈನ್ ಮುಟ್ಟಬೇಡಿ ಅಂತ ಹೇಳಿ. ಸೆನ್ಸರಿನ ತೂತಿನಿಂದ ಅಳೆದು ಹಾಕಿದ್ರೆ ಆಯಿಲ್ ಹೋಗ್ತದೆ ಸರಿ, ಲೆವೆಲ್ ನೋಡುದು ಎಲ್ಲಿಂದ? ಆ ಸೆನ್ಸರಿನ ಪ್ಲಾಸ್ಟಿಕ್ ಕಿವಿ ಇಷ್ಟು ವರ್ಷದ ಮೇಲೆ ಮುರಿಯುದೂ ಉಂಟು.

ಗುಂಡಿಯೊಳಗಿನ ತುಕ್ಕನ್ನು ಚೂಪು ಸ್ಕ್ರೂಡ್ರೈವರಿನಲ್ಲಿ ಮೂಲೆ ಮೂಲೆ ಕೆರೆದು ತೆಗೀರಿ, ಚೌಕ ಪೂರ್ತಿ ಆಳಕ್ಕೆ ಕೂರಬೇಕು. ಜಾರುದು ಅರ್ಧ ಕೂತದ್ದಕ್ಕೆ. ಪ್ಲಗ್ಗಿನ ಸುತ್ತ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇವತ್ತು ಬಿಡಿ, ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಹೊಡೀರಿ. ನಾಳೆ ರ‍್ಯಾಚೆಟ್ ಬೇಡ, ಅದರ ಹಲ್ಲು ಹೋಗ್ತದೆ. ಬ್ರೇಕರ್ ಬಾರ್ (ರ‍್ಯಾಚೆಟ್ ಹಲ್ಲಿಲ್ಲದ ಉದ್ದ ಹಿಡಿ) ಹಾಕಿ, ಅದರ ತಲೆಗೆ ಸುತ್ತಿಗೆಯಲ್ಲಿ ನೇರ ನಾಲ್ಕು ಸಣ್ಣ ಪೆಟ್ಟು ಕೊಡಿ. ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಅಲ್ಲಿ ‘ಟಿಕ್’ ಅಂತ ತುಕ್ಕು ಬಿಟ್ಟದ್ದು ಗೊತ್ತಾಗ್ತದೆ. ಆಮೇಲೆ ಬಿಚ್ಚುವ ಕಡೆಗೆ. ಬೆಂಕಿ ತೋರಿಸಬೇಡಿ, ಹತ್ತಿರದ ಸೀಲಿನ ರಬ್ಬರ್ ಹೋಗ್ತದೆ.

ಬಂದ ಮೇಲೆ ಆ ಪ್ಲಗ್ ವಾಪಸ್ ಹಾಕಬೇಡಿ, ಹೊಸತು ತಕೊಳ್ಳಿ. ಗುಂಡಿಯೊಳಗೆ ಒಂದು ಬೆರಳು ಗ್ರೀಸ್ ತುಂಬಿಸಿ ಮುಚ್ಚಿ.